ಖರ್ಜೂರ-ಅಕ್ರೋಟಿನ ಬಾರ್: ಕೇಕ್ ಆಗದೆ ಜಗಿಯೋ ಹಾಗೆ ಬರೋಕೆ ಏನು ಮಾಡ್ತೀರಿ?

ಪ್ರಶ್ನೆ, ಬೆಂಗಳೂರಿನಿಂದ: ಅಮೆರಿಕದಲ್ಲಿದ್ದಾಗ ಪಕ್ಕದ ಮನೆಯವರು ಕ್ರಿಸ್‌ಮಸ್‌ಗೆ ಹಳೇ ಕಾಲದ ಖರ್ಜೂರ-ಅಕ್ರೋಟಿನ ಬಾರ್ ಕೊಡ್ತಿದ್ರು. ಜಿಗುಟು ಜಿಗುಟಾಗಿ, ಜಗಿಯೋಕೆ ಸೊಗಸಾಗಿರ್ತಿತ್ತು. ಇಲ್ಲಿ ನಾನು 100 ಗ್ರಾಂ ಬೆಣ್ಣೆ, ಒಂದೂವರೆ ಕಪ್ ಮೈದಾ ಹಾಕಿದ್ರೆ ಬರೀ ಕೇಕ್ ಆಗುತ್ತೆ. ಮಾಡಿ ಗೊತ್ತಿರೋರು ಹೇಳಿ.

ಕ್ಯಾಲಿಫೋರ್ನಿಯಾದಿಂದ: ಮೊದಲು ಆ ಬೆಣ್ಣೆ ಬಿಡಿ ಮೇಡಂ. ಹಳೇ ಕ್ರಮದಲ್ಲಿ ಸಾಮಾನ್ಯವಾಗಿ ಬೆಣ್ಣೆ ಇರಲ್ಲ, ಮೈದಾನೂ ಕಮ್ಮಿ. ನಮ್ಮನೆ ಅಳತೆ: 8 ಇಂಚಿನ ಚೌಕದ ಟ್ರೇಗೆ 2 ಮೊಟ್ಟೆ, ಸಕ್ಕರೆ ಮುಕ್ಕಾಲು ಕಪ್, ಮೈದಾ ಮುಕ್ಕಾಲು ಕಪ್, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ಹೆಚ್ಚಿದ ಖರ್ಜೂರ ಒಂದು ಕಪ್, ಅಕ್ರೋಟು ಒಂದು ಕಪ್. ಖರ್ಜೂರ ಸಿಹಿ ಇದೆಯಲ್ಲ ಅಂತ ಸಕ್ಕರೆ ಅರ್ಧಕ್ಕಿಳಿಸಬೇಡಿ. ಆ ಜಿಗಿಗೂ ಮೇಲಿನ ತೆಳು ಹೊಳೆಯೋ ಪದರಕ್ಕೂ ಅದೇ ಕಾರಣ. ಅಳೆದ ಮೈದಾದಲ್ಲೇ ಎರಡು ಚಮಚ ತೆಗೆದು ಖರ್ಜೂರಕ್ಕೆ ಸವರಿದ್ರೆ ಮುದ್ದೆ ಕಟ್ಟಲ್ಲ. ಹಿಟ್ಟು ಗಟ್ಟಿಯಾಗಿ, ಹಿಟ್ಟಿಗಿಂತ ಖರ್ಜೂರವೇ ಜಾಸ್ತಿ ಕಾಣುತ್ತೆ. ಗಾಬರಿಯಾಗಿ ಹಾಲು ಸುರಿಯಬೇಡಿ!

165 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷ ಆದ ಮೇಲೆ ನೋಡ್ತಾ ಇರಿ. ಕಡ್ಡಿ ಚುಚ್ಚಿದ್ರೆ ಸ್ವಚ್ಛವಾಗಿ ಬರಬೇಕು ಅನ್ನೋದು ಕೇಕಿನ ಲೆಕ್ಕ. ಇಲ್ಲಿ ಅಂಚು ಟ್ರೇ ಬಿಟ್ಟಿರಬೇಕು, ಕಡ್ಡಿಗೆ ನಾಲ್ಕು ತೇವದ ಹುಡಿ ಅಂಟಿರಬೇಕು. ಅದು ಒಣಗೋವರೆಗೆ ಕಾದ್ರೆ ಆರಿದ ಮೇಲೆ ಹಲ್ಲಿಗೆ ಕೆಲಸ.

ಮಂಗಳೂರಿನಿಂದ: ಖರ್ಜೂರದ ಜಾತಿಯೂ ನೋಡಿ. ಡಬ್ಬಿಯಲ್ಲಿ ಬರುವ ಕಿಮಿಯಾ ಬಾಯಲ್ಲಿಟ್ಟರೆ ಕರಗುತ್ತದೆ, ತಿನ್ನಲಿಕ್ಕೆ ಒಳ್ಳೆಯದು. ಆದರೆ ಹಿಟ್ಟಿನಲ್ಲಿ ಕಲಸಿ ಹೋಗಿ ತುಂಡು ಸಿಗುವುದಿಲ್ಲ. ಸ್ವಲ್ಪ ಒಣಗಿದ್ದು ತನ್ನಿ. ಬೀಜ ತೆಗೆದದ್ದು ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೂ ಒಂದೊಂದನ್ನೂ ಬಿಡಿಸಿ ನೋಡಿ ಮಾರಾಯ್ರೆ. ಕತ್ತರಿಗೆ ಎಣ್ಣೆ ಸವರಿ ಕತ್ತರಿಸಿದರೆ ಸುಲಭ. ಬಾರ್‌ಗಳನ್ನು ಬಿಸಿ ಆರುವ ಮುಂಚೆಯೇ ಕೊಯ್ಯಬೇಕು, ತಣ್ಣಗಾದರೆ ಮೇಲಿನ ಪದರ ಪುಡಿಯಾಗುತ್ತದೆ. ಮೇಲೆ ಹೊರಳಿಸುವ ಸಕ್ಕರೆ ಪುಡಿ ನಮ್ಮ ಮಳೆಗಾಲದಲ್ಲಿ ನೀರು ಬಿಡುತ್ತದೆ, ಹಾಗಾಗಿ ತಿನ್ನುವ ಹೊತ್ತಿಗೆ ಮಾತ್ರ.

ಧಾರವಾಡದಿಂದ: ನಮ್ಮನ್ಯಾಗ ತತ್ತಿ ನಡೆಯಂಗಿಲ್ರಿ. ಅದರ ಬದಲಿ ಮೊಸರು ಹಾಕಿದ್ರ ಹೆಂಗ?

ಕ್ಯಾಲ್ಗರಿಯಿಂದ: ಮೊಸರು ಹಾಕಿದ್ರೆ ಮತ್ತೆ ಕೇಕೇ ಆಗುತ್ತೆ ಸರ್. ಅದರ ಬದಲು ಇಲ್ಲಿಯ ಡೇಟ್ ಸ್ಕ್ವೇರ್ ಮಾಡಿ, ಅದಕ್ಕೆ ಮೊಟ್ಟೆಯೇ ಬೇಡ. ಕೆನಡಾದ ಪಶ್ಚಿಮದ ಕಡೆ ಇದಕ್ಕೆ ಮ್ಯಾಟ್ರಿಮೋನಿಯಲ್ ಕೇಕ್ ಅಂತಾರೆ, ಮದುವೆಯೇ ಬೇಕಿಲ್ಲ! ಓಟ್ಸ್, ಮೈದಾ, ಬ್ರೌನ್ ಶುಗರ್, ಬೆಣ್ಣೆ ಉದುರುದುರಾಗಿ ಕಲಸಿ ಅರ್ಧ ತಳಕ್ಕೆ ಒತ್ತಿ. ಖರ್ಜೂರವನ್ನು ಸ್ವಲ್ಪ ನೀರಲ್ಲಿ ಬೇಯಿಸಿ, ಗಟ್ಟಿಯಾದ ಮೇಲೆ ನಿಂಬೆರಸ ಹಿಂಡಿ ನಡುವೆ ಹರಡಿ. ಉಳಿದದ್ದು ಮೇಲೆ ಉದುರಿಸಿ ಕೆಂಪಗಾಗೋವರೆಗೆ ಬೇಕ್ ಮಾಡಿ. ಅಕ್ರೋಟು ಆ ಮೇಲಿನ ಪದರಕ್ಕೇ ಸೇರಿಸಿ. ಇದನ್ನು ಮಾತ್ರ ಪೂರ್ತಿ ಆರಿದ ಮೇಲೇ ಕತ್ತರಿಸಬೇಕು.