ನಾಲ್ಕು ಕ್ಯಾಮೆರಾ ವಿಂಡೋಗಳೂ ನಡು ಪರದೆಗೇ ಬಂದು ಕೂರುತ್ತಿವೆ, ಯಾರಾದರೂ ನೋಡಿ

ಅಟ್ಟದ ಕಣ್ಣು, ಶಿರಸಿ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಮನೆಯಲ್ಲಿ ನಾಲ್ಕು ಐಪಿ ಕ್ಯಾಮೆರಾ (ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವವು) ಇವೆ. ಗೇಟು, ಅಂಗಳ, ಅಡಿಕೆ ಒಣಗಿಸುವ ಅಟ್ಟ, ಕೊಟ್ಟಿಗೆ. ಹಳೇ ಡೆಸ್ಕ್‌ಟಾಪಿನಲ್ಲಿ ನನ್ನದೊಂದು ಬ್ಯಾಶ್ ಸ್ಕ್ರಿಪ್ಟ್ (ಲಿನಕ್ಸ್ ಕಮಾಂಡುಗಳ ಪಟ್ಟಿ) ಎಂಪಿವಿ ಎಂಬ ವಿಡಿಯೊ ಪ್ಲೇಯರನ್ನು ನಾಲ್ಕು ಸಲ ತೆರೆದು, ಒಂದೊಂದು ಮೂಲೆಗೆ ಒಂದೊಂದನ್ನು ಕೂರಿಸುತ್ತಿತ್ತು. ವರ್ಷವಿಡೀ ನಡೆದಿದೆ. ಈಗ ನಾಲ್ಕೂ ನಡುವೆ ಬಂದು ಒಂದರ ಮೇಲೊಂದು ಕೂರುತ್ತವೆ. ಸ್ಕ್ರಿಪ್ಟಿನ ಒಂದಕ್ಷರವನ್ನೂ ನಾನು ಮುಟ್ಟಿಲ್ಲ. ಅಪ್ಪಯ್ಯನಿಗೆ ಮೊಣಕಾಲು ನೋವು, ಅಟ್ಟ ಹತ್ತಲಾಗುವುದಿಲ್ಲ. ಮಂಗ ಬಂತಾ, ಮೋಡ ಆಯ್ತಾ ಅಂತ ಕುರ್ಚಿಯಲ್ಲಿ ಕೂತು ಇದರಲ್ಲೇ ನೋಡುವುದು. ಅಡಿಕೆ ಗೊನೆ ಕೊಯ್ಲು ಶುರುವಾಗಿದೆ, ಬೇಗ ಹೇಳಿ.

ಕುಮಟಾ ಕೇಬಲ್:
ಮೊದಲು ಕೇಬಲ್ ನೋಡಿ ಮಾರಾಯ್ರೆ. ಮಳೆಗಾಲ ಮುಗಿದ ಮೇಲೆ ನಾನು ನೋಡುವ ಹತ್ತರಲ್ಲಿ ಎಂಟು ಕೇಸ್ ಅದೇ. ಕೇಬಲ್ ತುದಿಯ ಆರ್‌ಜೆ45 ಪ್ಲಗ್ಗಿನ ಪಿನ್ ಹಸಿರು ಹಿಡಿದಿರುತ್ತದೆ. ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ).

ಅಟ್ಟದ ಕಣ್ಣು, ಶಿರಸಿ:
ಚಿತ್ರ ನಾಲ್ಕರಲ್ಲೂ ಬರುತ್ತಿದೆ. ಜಾಗ ಮಾತ್ರ ತಪ್ಪಿದೆ.

ಕುಮಟಾ ಕೇಬಲ್:
ಚಿತ್ರ ಬಂದರೆ ಕೇಬಲ್ ಸರಿ ಇದೆ ಅಂತ ಅರ್ಥ ಅಲ್ಲ. ಕೇಬಲಿನಲ್ಲಿ ಬರುವ ಚಿತ್ರದ ತುಣುಕು, ಅಂದರೆ ಪ್ಯಾಕೆಟ್, ಬಿಟ್ಟುಹೋದರೆ ಪ್ಲೇಯರ್ ಮುಚ್ಚಿ ಮತ್ತೆ ತೆರೆಯುತ್ತದೆ, ಆಗ ಜಾಗ ತಪ್ಪುತ್ತದೆ. ಕ್ಯಾಮೆರಾ ಚಿತ್ರ ತರುವ ಆರ್‌ಟಿಎಸ್‌ಪಿಯನ್ನು ಯುಡಿಪಿ (ಕಳೆದ ಪ್ಯಾಕೆಟ್ ಮತ್ತೆ ಕಳಿಸದ ದಾರಿ) ಬಿಟ್ಟು ಟಿಸಿಪಿಗೆ (ಕಳೆದದ್ದನ್ನು ಮತ್ತೆ ಕಳಿಸುವ ದಾರಿ) ಹಾಕಿ ನೋಡಿ.

ಬೈತಖೋಲ, ಕಾರವಾರ:
ಎಂಪಿವಿ ಮೊದಲಿಂದಲೂ ಆರ್‌ಟಿಎಸ್‌ಪಿಗೆ ಟಿಸಿಪಿಯನ್ನೇ ಬಳಸುತ್ತದೆ. ನೀವು ಹೇಳುವ ಮಾತು ಎಫ್‌ಎಫ್‌ಪ್ಲೇ ಎಂಬ ಇನ್ನೊಂದು ಪ್ಲೇಯರಿಗೆ ಸರಿ. ನನ್ನ ಮನೆ ಕಡಲಿಂದ ಇನ್ನೂರು ಹೆಜ್ಜೆ. ಎಂಟು ಕ್ಯಾಮೆರಾ, ಒಂದೂ ಪಿನ್ ಹಾಳಾಗಿಲ್ಲ. ಕನೆಕ್ಟರ್ ಎಲ್ಲ ಮುಚ್ಚಳದ ಡಬ್ಬಿಯೊಳಗೆ ಹಾಕಿ ಗ್ರೀಸ್ ಹಚ್ಚಿದ್ದೇನೆ. ಪರದೆ 43 ಇಂಚಿನ ಟಿವಿ. ಎಂಟಕ್ಕೂ ಸಬ್ ಸ್ಟ್ರೀಮ್ (ಕ್ಯಾಮೆರಾ ಕೊಡುವ ಸಣ್ಣ ಅಳತೆಯ ಚಿತ್ರ), ಹಾರ್ಡ್‌ವೇರ್ ಡಿಕೋಡ್ (ಚಿತ್ರ ಬಿಡಿಸುವ ಕೆಲಸ ಗ್ರಾಫಿಕ್ಸ್ ಚಿಪ್ಪಿಗೆ), ಸಿಪಿಯು ಬಿಸಿಯೇ ಆಗುವುದಿಲ್ಲ. ಸಂಜೆ ದೋಣಿ ಒಳಗೆ ಬರುವುದು ಟಿವಿಯಲ್ಲೇ ಕಾಣುತ್ತದೆ.

ಕುಮಟಾ ಕೇಬಲ್:
ಗ್ರೀಸ್ ಧೂಳು ಹಿಡಿಯುತ್ತದೆ. ಅದಕ್ಕೆ ಜೆಲ್ ತುಂಬಿದ ಕನೆಕ್ಟರ್ ಬೇರೆಯೇ ಬರುತ್ತದೆ.

ಬೈತಖೋಲ, ಕಾರವಾರ:
ನಾಲ್ಕು ಮಳೆಗಾಲ ಕಳೆದಿದೆ ನನ್ನ ಗ್ರೀಸಿಗೆ. ಬಂದು ನೋಡಿ, ಮೀನು ಊಟ ನಮ್ಮಲ್ಲೇ.

ಯಲ್ಲಾಪುರ ಟರ್ಮಿನಲ್:
ಇಬ್ಬರೂ ಸ್ವಲ್ಪ ತಡೆಯಿರಿ. ಶಿರಸಿಯವರೇ, ಸ್ಕ್ರಿಪ್ಟ್ ಮುಟ್ಟಿಲ್ಲ ಸರಿ. ಕಂಪ್ಯೂಟರಿನಲ್ಲಿ ಬೇರೆ ಏನು ಬದಲಾಯಿತು? ಯಾವ ಲಿನಕ್ಸ್, ಎಷ್ಟನೇ ಆವೃತ್ತಿ?

ಅಟ್ಟದ ಕಣ್ಣು, ಶಿರಸಿ:
ಉಬುಂಟು. ಮೂರು ದಿನದ ಹಿಂದೆ 20.04 ರಿಂದ 22.04 ಮಾಡಿದೆ. ಅದಕ್ಕೂ ಕ್ಯಾಮೆರಾಕ್ಕೂ ಸಂಬಂಧ ಇಲ್ಲ ಅಂದುಕೊಂಡು ಬರೆಯಲಿಲ್ಲ.

ಯಲ್ಲಾಪುರ ಟರ್ಮಿನಲ್:
ಅದೇ ಕಾರಣ. 20.04 ಸುಮ್ನೆ ಲಾಗಿನ್ ಆದರೆ ಎಕ್ಸ್‌ಆರ್ಗ್ ಎಂಬ, ಪರದೆಯಲ್ಲಿ ವಿಂಡೋ ತೋರಿಸುವ ಹಳೇ ವ್ಯವಸ್ಥೆಯಲ್ಲಿ ತೆರೆಯುತ್ತಿತ್ತು. 22.04 ರಲ್ಲಿ ಇಂಟೆಲ್ ಗ್ರಾಫಿಕ್ಸ್ ಇದ್ದರೆ ಅದರ ಬದಲು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಬರುತ್ತದೆ. ಸೆಟ್ಟಿಂಗ್ಸ್ ಒಳಗೆ ಅಬೌಟ್ ಪುಟದಲ್ಲಿ ವಿಂಡೋಯಿಂಗ್ ಸಿಸ್ಟಮ್ ಎಂಬ ಸಾಲು ನೋಡಿ. ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಮ್ ತನ್ನ ವಿಂಡೋ ಎಲ್ಲಿ ಕೂರಬೇಕು ಅಂತ ತಾನೇ ಹೇಳುವಂತಿಲ್ಲ. ಅದನ್ನು ಡೆಸ್ಕ್‌ಟಾಪೇ ತೀರ್ಮಾನಿಸುತ್ತದೆ. ವಿಂಡೋದ ಅಳತೆ, ಜಾಗ ಹೇಳುವ ಎಂಪಿವಿಯ ಜಿಯೊಮೆಟ್ರಿ ಆಯ್ಕೆಯಲ್ಲಿ ಅಳತೆ ಉಳಿಯುತ್ತದೆ, ಜಾಗ ಬಿಟ್ಟುಹೋಗುತ್ತದೆ. ಸ್ಕ್ರಿಪ್ಟಿನಲ್ಲಿ ತಪ್ಪೇ ಇಲ್ಲ.

ಲಾಗಿನ್ ಪರದೆಯಲ್ಲಿ ಹೆಸರು ಒತ್ತಿದ ಮೇಲೆ ಬಲಗಡೆ ಕೆಳಗೆ ಹಲ್ಲಿನ ಚಕ್ರದ ಗುರುತು ಬರುತ್ತದೆ. ಅಲ್ಲಿ ‘ಉಬುಂಟು ಆನ್ ಎಕ್ಸ್‌ಆರ್ಗ್’ ಆರಿಸಿ. ಅದು ಬೇಡ ಅಂದರೆ ಎಂಪಿವಿಯ ಜಿಪಿಯು ಕಾಂಟೆಕ್ಸ್ಟ್ ಆಯ್ಕೆಗೆ ಎಕ್ಸ್11ಇಜಿಎಲ್ ಅಂತ ಕೊಡಿ. ಆಗ ಎಂಪಿವಿ ಮಾತ್ರ ಹಳೇ ದಾರಿಯಲ್ಲಿ ತೆರೆಯುತ್ತದೆ.

ಬೈತಖೋಲ, ಕಾರವಾರ:
ಅಷ್ಟೆಲ್ಲ ಯಾಕೆ? ಎಕ್ಸ್‌ಸ್ಟ್ಯಾಕ್ ಫಿಲ್ಟರ್ ಹಾಕಿ ನಾಲ್ಕೂ ಸ್ಟ್ರೀಮನ್ನು ಒಂದೇ ವಿಂಡೋದಲ್ಲಿ ಜೋಡಿಸಿ, ಫುಲ್ ಸ್ಕ್ರೀನ್ ಮಾಡಿ. ಜಾಗದ ಪ್ರಶ್ನೆಯೇ ಬರುವುದಿಲ್ಲ.

ಯಲ್ಲಾಪುರ ಟರ್ಮಿನಲ್:
ಬರುವುದಿಲ್ಲ ನಿಜ. ಆದರೆ ಒಂದು ಕ್ಯಾಮೆರಾ ನಿಂತರೆ ಉಳಿದ ಮೂರೂ ಅದಕ್ಕಾಗಿ ಕಾಯುತ್ತ ನಿಲ್ಲುತ್ತವೆ. ಕರೆಂಟು ಹೋಗಿ ಬಂದು ಮಾಡುವ ನಮ್ಮ ಕಡೆ ಅದು ಆಗುವ ಮಾತಲ್ಲ. ನಾಲ್ಕು ಬೇರೆ ಬೇರೆ ಪ್ಲೇಯರ್, ಒಂದೊಂದೂ ತನ್ನದೇ ಲೂಪಿನಲ್ಲಿ. ಮುಚ್ಚಿದರೆ ಐದು ಸೆಕೆಂಡ್ ತಡೆದು ಮತ್ತೆ ತೆರೆಯಲಿ. ಶಿರಸಿಯವರ ಮೂಲ ಯೋಚನೆಯೇ ಸರಿ.

ಅಟ್ಟದ ಕಣ್ಣು, ಶಿರಸಿ:
ಆಯ್ತು! ಆಯ್ತು! ಎಕ್ಸ್11ಇಜಿಎಲ್ ಕೊಟ್ಟ ಕೂಡಲೇ ನಾಲ್ಕೂ ಮೂಲೆಗೆ ಹೋದವು. ಅಪ್ಪಯ್ಯ ಕುರ್ಚಿ ಎಳೆದುಕೊಂಡು ಕೂತಾಯಿತು. ಯಲ್ಲಾಪುರದವರಿಗೆ ಎಷ್ಟು ಹೇಳಿದರೂ ಸಾಲದು. ಈಗ ಇನ್ನೊಂದು ಇದೆ. ಕೊಟ್ಟಿಗೆ ಚಿತ್ರ ರಾತ್ರಿ ಯಾವಾಗಲೋ ಹೆಪ್ಪುಗಟ್ಟಿದ ಹಾಗೆ ನಿಂತಿರುತ್ತದೆ. ವಿಂಡೋ ಮುಚ್ಚುವುದಿಲ್ಲ, ಹಾಗಾಗಿ ಲೂಪಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ನೋಡಿದರೆ ದನ ಹಾಲು ಕರೆಯುವ ಹೊತ್ತಲ್ಲೂ ಮಲಗೇ ಇದೆ! ಮೂಲೆಯ ಗಡಿಯಾರ 1:40 ತೋರಿಸುತ್ತಿತ್ತು.

ಯಲ್ಲಾಪುರ ಟರ್ಮಿನಲ್:
ಎಂಪಿವಿ ಸಾಲಿನ ಮುಂದೆ ಟೈಮ್‌ಔಟ್ ಕಮಾಂಡ್ ಇಟ್ಟು ಒಂದು ಗಂಟೆ ಅಂತ ಕೊಡಿ. ಗಂಟೆಗೊಮ್ಮೆ ತಾನೇ ಮುಚ್ಚುತ್ತದೆ, ಲೂಪ್ ಮತ್ತೆ ತೆರೆಯುತ್ತದೆ. ಒರಟು ಉಪಾಯ, ಆದರೆ ಕೆಲಸ ಮಾಡುತ್ತದೆ.

ಕುಮಟಾ ಕೇಬಲ್:
ಮನೆಯಿಂದ ಕೊಟ್ಟಿಗೆಗೆ ಕೇಬಲ್ ಎಷ್ಟು ಮೀಟರ್?

ಅಟ್ಟದ ಕಣ್ಣು, ಶಿರಸಿ:
ತೋಟದ ಅಂಚು ಸುತ್ತಿ ಹೋಗಿದೆ. 130 ಇರಬಹುದು.

ಕುಮಟಾ ಕೇಬಲ್:
ಈಥರ್ನೆಟ್ ಅಂದರೆ ಈ ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ 100 ಮೀಟರೇ ಮಿತಿ. ನಾನು ಮೊದಲ ಸಾಲಲ್ಲೇ ಕೇಬಲ್ ನೋಡಿ ಅಂದಿದ್ದೆ. ನಡುವೆ ಒಂದು ಪಿಒಇ ಎಕ್ಸ್‌ಟೆಂಡರ್ (ಚಿತ್ರವನ್ನೂ ಕರೆಂಟನ್ನೂ ಒಂದೇ ಕೇಬಲಿನಲ್ಲಿ ಇನ್ನಷ್ಟು ದೂರ ಒಯ್ಯುವ ಡಬ್ಬಿ) ಹಾಕಿ. ಅದಕ್ಕೆ ಬೇರೆ ಕರೆಂಟು ಬೇಡ, ಅದೇ ಕೇಬಲಿನಿಂದ ತೆಗೆದುಕೊಳ್ಳುತ್ತದೆ.

ಬೈತಖೋಲ, ಕಾರವಾರ:
ಸಿಡಿಲು ಹೊಡೆಯುವ ಊರಲ್ಲಿ ಅಷ್ಟುದ್ದ ತಾಮ್ರ ಎಳೆಯಬೇಡಿ. ಫೈಬರ್ ಹಾಕಿ. ನನ್ನ ಗೋಡೌನಿಗೆ ಫೈಬರೇ.

ಕುಮಟಾ ಕೇಬಲ್:
ಫೈಬರ್ ಹಾಕಿದರೆ ಆ ತುದಿಯಲ್ಲಿ ಕ್ಯಾಮೆರಾಕ್ಕೆ ಕರೆಂಟು ಯಾರು ಕೊಡುತ್ತಾರೆ?

ಬೈತಖೋಲ, ಕಾರವಾರ:
ಕೊಟ್ಟಿಗೆಯಲ್ಲಿ ಬಲ್ಬು ಇಲ್ವಾ?

ಅಟ್ಟದ ಕಣ್ಣು, ಶಿರಸಿ:
ಬಲ್ಬು ಇದೆ. ಸದ್ಯಕ್ಕೆ ಟೈಮ್‌ಔಟ್ ಹಾಕಿದ್ದೇನೆ. ಕೊಯ್ಲು ಮುಗಿದ ಮೇಲೆ ತೋಟದಲ್ಲಿ ಟೇಪ್ ಹಿಡಿದು ಅಳೆದು ಬರೆಯುತ್ತೇನೆ.