ಸಣ್ಣ ಮೈಕಟ್ಟಿಗೆ ಸಹಜವಾಗಿ ಕಾಣುವ ಬ್ರೆಸ್ಟ್ ಇಂಪ್ಲಾಂಟ್: ಅಳತೆ ಮತ್ತು ಆಕಾರ ಹೇಗೆ ನಿರ್ಧರಿಸಬೇಕು?

ಸಾಧನಕೇರಿ ಓದುಗಿ (ಧಾರವಾಡ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಎತ್ತರ 4 ಅಡಿ 11 ಇಂಚು, ತೂಕ 44 ಕಿಲೊ. ಮೊದಲಿನಿಂದಲೂ ತೆಳ್ಳಗಿನ ಮೈಕಟ್ಟು, ಎದೆ ಬೆಳೆದದ್ದು ತೀರ ಕಡಿಮೆ. ಕುಪ್ಪಸ ಹೊಲಿಸಲು ಹೋದಾಗಲೆಲ್ಲ ಟೇಲರ್ ಅಕ್ಕ ಏನೂ ಕೇಳದೆ ಒಳಗೆ ಪ್ಯಾಡ್ ಇಟ್ಟೇ ಹೊಲಿಯುತ್ತಾರೆ. ಪ್ಯಾಡ್ ಇಲ್ಲದಿದ್ದರೆ ಖಣದ ಬಟ್ಟೆ ಮುಂದೆ ಸುಕ್ಕುಗಟ್ಟಿ ನಿಲ್ಲುತ್ತದೆ. ಬ್ರೆಸ್ಟ್ ಇಂಪ್ಲಾಂಟ್ ಮಾಡಿಸಿಕೊಳ್ಳಬೇಕೆಂಬ ವಿಚಾರ ನನ್ನದೇ, ಬಹಳ ವರ್ಷಗಳಿಂದ ಇರುವಂಥದ್ದು. ಇದಕ್ಕೆ ಯಾರ ಒತ್ತಾಯವೂ ಇಲ್ಲ. ಮನೆಯವರೊಂದಿಗೆ ಮಾತಾಡಿದ್ದೇನೆ, ಅವರು ನಿರ್ಧಾರವನ್ನು ನನಗೇ ಬಿಟ್ಟಿದ್ದಾರೆ. ಅತ್ತೆಯವರಿಗೆ ಇನ್ನೂ ಹೇಳಿಲ್ಲ.

ನನಗೆ ಬೇಕಾಗಿರುವುದು ಇಷ್ಟೇ: ನನ್ನ ಮೈಕಟ್ಟಿಗೆ ಹೊಂದುವಂತೆ, ಮೊದಲಿನಿಂದಲೂ ಹಾಗೆಯೇ ಇತ್ತೆನ್ನುವಂತೆ ಕಾಣಬೇಕು. ಎದೆಯ ಮೇಲೆ ಎರಡು ಗುಂಡು ಕೂರಿಸಿದಂತೆ ಕಾಣುವುದು ನನಗೆ ಖಂಡಿತ ಬೇಡ. ಹುಬ್ಬಳ್ಳಿಯಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ಅಳತೆ ತೆಗೆದುಕೊಂಡು 225 ಸಿಸಿ (ಒಂದು ಸಿಸಿ ಎಂದರೆ ಒಂದು ಎಂಎಲ್) ಆಸುಪಾಸಿನ ಇಂಪ್ಲಾಂಟ್ ಸಾಕು ಎಂದಿದ್ದಾರೆ. ಬೆಂಗಳೂರಿನ ಒಂದು ಕ್ಲಿನಿಕ್‌ನವರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ನೋಡಿಯೇ, 325 ಸಿಸಿಗಿಂತ ಕಡಿಮೆ ಹಾಕಿಸಿಕೊಂಡರೆ ಆಮೇಲೆ ಸಣ್ಣದಾಯಿತು ಎಂದು ಬೇಸರ ಮಾಡಿಕೊಳ್ಳುತ್ತೀರಿ ಎಂದಿದ್ದಾರೆ. ಇಷ್ಟು ಅಂತರ ಏಕೆ ಎಂಬುದು ತಿಳಿಯುತ್ತಿಲ್ಲ. ಗುಂಡನೆಯ ಇಂಪ್ಲಾಂಟ್ ಒಳ್ಳೆಯದೋ, ಹನಿಯ ಆಕಾರದ್ದೋ? ಸ್ನಾಯುವಿನ ಮೇಲೆ ಇಡಿಸಬೇಕೋ, ಅಡಿಯಲ್ಲೋ? ಮುಂದಿನ ಎರಡು ಮೂರು ವರ್ಷಗಳಲ್ಲಿ ಮಗು ಬೇಕೆಂಬ ಯೋಚನೆಯೂ ಇದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಗದಗಿನ ಅಕ್ಕ ಬರೆದದ್ದು:

ತಂಗಿ, ನನ್ನದೂ ನಿಮ್ಮಂತೆಯೇ ಸಣ್ಣ ಮೈಕಟ್ಟು. ಇಬ್ಬರು ಮಕ್ಕಳು ಹಾಲು ಬಿಟ್ಟ ಮೇಲೆ ಮಾಡಿಸಿಕೊಂಡೆ, ಈಗ ಕೆಲವು ವರ್ಷಗಳೇ ಆದವು. ನನಗೆ ಹಾಕಿದ್ದು 220 ಸಿಸಿಯ ಗುಂಡನೆಯ ಸಿಲಿಕೋನ್ ಇಂಪ್ಲಾಂಟ್, ಸ್ನಾಯುವಿನ ಅಡಿಯಲ್ಲಿ. ಓರಗಿತ್ತಿಗೆ ನಾನಾಗಿ ಹೇಳುವವರೆಗೂ ಗೊತ್ತಾಗಿರಲಿಲ್ಲ. ಸ್ವಲ್ಪ ಮೈ ತುಂಬಿಕೊಂಡಿದ್ದೀಯಲ್ಲ ಎಂದಷ್ಟೇ ಅಂದಿದ್ದಳು. ಆದ್ದರಿಂದ ಸಂಖ್ಯೆ ಚಿಕ್ಕದೆಂದು ಹೆದರಬೇಡಿ. ನಮ್ಮಂಥವರ ಮೈಮೇಲೆ 220 ಸಿಸಿ ಕಾಣುವ ರೀತಿಯೇ ಬೇರೆ, ಅಗಲ ಭುಜದ ಎತ್ತರದ ಹೆಣ್ಣುಮಗಳ ಮೇಲೆ ಅದು ಕಾಣುವ ರೀತಿಯೇ ಬೇರೆ.

ನಿರ್ಧಾರಕ್ಕೆ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ ನೋಡಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಎಂಎಲ್ ಗೆರೆಯಿರುವ ಅಳತೆಯ ಲೋಟದಲ್ಲಿ 200 ಎಂಎಲ್ ಗೆರೆಯವರೆಗೆ ಅಕ್ಕಿ ಅಳೆದು, ತೆಳುವಾದ ಕಾಲುಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ಪ್ಯಾಡ್ ಇಲ್ಲದ ಸ್ಪೋರ್ಟ್ಸ್ ಬ್ರಾ ಒಳಗೆ ಚಪ್ಪಟೆಯಾಗಿ ಹರಡಿಟ್ಟುಕೊಳ್ಳಿ. ಅದರ ಮೇಲೆ ದಿನವೂ ತೊಡುವ ಕುರ್ತಾ ಹಾಕಿಕೊಂಡು ಅಡುಗೆ ಮಾಡಿ, ಕಸ ಗುಡಿಸಿ, ಮೆಟ್ಟಿಲು ಹತ್ತಿ ಇಳಿಯಿರಿ. ಮರುದಿನ 250 ಹಾಕಿ ನೋಡಿ, ಆಮೇಲೆ 300. ನನಗೆ 300 ಹಾಕಿಕೊಂಡಾಗ ತೋಳು ಮುಂದಕ್ಕೆ ತರುವಾಗಲೆಲ್ಲ ಪಕ್ಕಕ್ಕೆ ತಾಗುತ್ತಿತ್ತು. ಕನ್ನಡಿಯ ಮುಂದೆ ಐದು ನಿಮಿಷ ನಿಂತರೆ ದೊಡ್ಡದೇ ಚೆಂದವೆನಿಸುತ್ತದೆ. ಇಡೀ ದಿನ ಹೊತ್ತು ತಿರುಗಿದ ಮೇಲೆ ಬರುವ ಅಭಿಪ್ರಾಯವನ್ನು ನಂಬಿರಿ. ಒಳಗೆ ಹೋದ ಮೇಲೆ ಇಂಪ್ಲಾಂಟ್ ಅಕ್ಕಿಯ ಚೀಲದಷ್ಟು ಎದ್ದು ಕಾಣುವುದಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ಸರ್ಜನ್ ಬಳಿ ಸೈಜರ್ ಎಂಬ ಮಾದರಿಗಳಿರುತ್ತವೆ, ಅವನ್ನೂ ಕೇಳಿ ಹಾಕಿಕೊಂಡು ನೋಡಿ.

ಸ್ನಾಯುವಿನ ಅಡಿ ಇಟ್ಟರೆ ಮೊದಲ ವಾರ ನೋವು ಚೆನ್ನಾಗಿಯೇ ಇರುತ್ತದೆ, ಅದನ್ನು ಮುಚ್ಚಿಟ್ಟು ಹೇಳುವುದಿಲ್ಲ. ಎದೆಯ ಮೇಲೆ ಯಾರೋ ಕೂತಂತೆ ಬಿಗಿತ. ತುಂಬಿದ ಕೊಡ ಎತ್ತುವುದು, ಕುಕ್ಕರ್ ಇಳಿಸುವುದು, ಮೇಲಿನ ಕಪಾಟಿನ ಡಬ್ಬಿ ತೆಗೆಯುವುದು ಯಾವುದೂ ಆಗುವುದಿಲ್ಲ, ಸ್ಕೂಟಿಯಂತೂ ದೂರದ ಮಾತು. ಮನೆಯಲ್ಲಿ ಕೈಜೋಡಿಸುವವರು ಬೇಕೇ ಬೇಕು. ಆ ಕಾರಣಕ್ಕಾದರೂ ಅತ್ತೆಯವರಿಗೆ ಮೊದಲೇ ಹೇಳುವುದು ಒಳ್ಳೆಯದೆಂದು ನನ್ನ ಭಾವನೆ. ಆರಂಭದಲ್ಲಿ ಎರಡೂ ಎತ್ತರದಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಅದನ್ನು ನೋಡಿ ಗಾಬರಿಯಾಗಬೇಡಿ. ಕೆಳಗಿಳಿದು ಮೆದುವಾಗಿ ನೆಲೆಗೊಳ್ಳಲು ಮೂರರಿಂದ ಆರು ತಿಂಗಳು ಬೇಕು.

ಪ್ಲಾಸ್ಟಿಕ್ ಸರ್ಜರಿ ವಿಭಾಗದ ವೈದ್ಯೆ (ಹುಬ್ಬಳ್ಳಿ) ಬರೆದದ್ದು:

ನಿಮ್ಮನ್ನು ಪರೀಕ್ಷಿಸದೆ ಇಂಥದ್ದೇ ಹಾಕಿಸಿಕೊಳ್ಳಿ ಎಂದು ಹೇಳಲಾರೆ. ಆದರೆ ಆ ಎರಡು ಸಂಖ್ಯೆಗಳ ನಡುವೆ ಅಷ್ಟು ಅಂತರ ಏಕೆ ಬಂತೆಂದು ಹೇಳಬಲ್ಲೆ: ಒಬ್ಬರು ಅಳೆದು ಹೇಳಿದ್ದಾರೆ, ಇನ್ನೊಬ್ಬರು ಅಳೆಯದೆ ಹೇಳಿದ್ದಾರೆ.

ಆಯ್ಕೆ ಆರಂಭವಾಗಬೇಕಾದದ್ದು ಸಿಸಿಯಿಂದಲ್ಲ, ಸ್ತನದ ಬುಡದ ಅಗಲದಿಂದ. ಎದೆಯ ನಡುಮೂಳೆಯ ಪಕ್ಕ ಸ್ತನ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಂದ ಕಂಕುಳಿನ ಕಡೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಯವರೆಗೆ ಸೆಂಟಿಮೀಟರಿನಲ್ಲಿ ಅಳೆಯುತ್ತೇವೆ. ಇಂಪ್ಲಾಂಟ್‌ನ ಅಗಲ ಇದಕ್ಕಿಂತ ತುಸು ಕಡಿಮೆ ಇರಬೇಕು, ಏಕೆಂದರೆ ಅದರ ಎರಡೂ ಅಂಚುಗಳನ್ನು ನಿಮ್ಮದೇ ಚರ್ಮ, ಕೊಬ್ಬು ಮತ್ತು ಗ್ರಂಥಿ ಮುಚ್ಚಬೇಕಾಗುತ್ತದೆ. ಉದಾಹರಣೆಗೆ, ಬುಡದ ಅಗಲ 11 ಸೆಂಟಿಮೀಟರ್ ಇರುವವರಿಗೆ 10.5 ಸೆಂಟಿಮೀಟರ್ ಆಸುಪಾಸಿನ ಇಂಪ್ಲಾಂಟ್ ಹೊಂದುತ್ತದೆ. ಅಷ್ಟು ಅಗಲದಲ್ಲಿ ಮಧ್ಯಮ ಉಬ್ಬಿನವು ಸಾಮಾನ್ಯವಾಗಿ 200ರಿಂದ 250 ಸಿಸಿಯ ನಡುವೆ ಬರುತ್ತವೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸವಾಗುತ್ತದೆ. ಅದೇ ಎದೆಗೆ 325 ಸಿಸಿ ಕೂರಿಸಬೇಕಾದರೆ ಇಂಪ್ಲಾಂಟ್ ಒಂದೋ ಅಗಲದಲ್ಲಿ ಮೀರಬೇಕು, ಇಲ್ಲವೇ ಉಬ್ಬಿನಲ್ಲಿ ಮೀರಬೇಕು. ಅಗಲ ಮೀರಿದರೆ ಎರಡೂ ನಡುವೆ ಹತ್ತಿರ ಬಂದು ಒಂದಾದಂತೆ ಕಾಣಬಹುದು ಅಥವಾ ಪಕ್ಕಕ್ಕೆ ಕಂಕುಳಿನತ್ತ ಚಾಚಿ ತೋಳಿಗೆ ತಾಗಬಹುದು. ಉಬ್ಬು ಮೀರಿದರೆ ನೀವು ಬೇಡವೆಂದ ಗುಂಡಿನ ನೋಟವೇ ಬರುತ್ತದೆ. ಒಂದೇ ಗಾತ್ರಕ್ಕೆ ಕಡಿಮೆ, ಮಧ್ಯಮ, ಹೆಚ್ಚು ಎಂಬ ಬೇರೆ ಬೇರೆ ಪ್ರೊಫೈಲ್‌ಗಳಿರುವುದು ಈ ಕಾರಣಕ್ಕೆ: ಅದೇ ಕಾಲು ಲೀಟರ್ ನೀರು ತಾಟಿನಲ್ಲಿ ಹರಡಿಕೊಳ್ಳುತ್ತದೆ, ಲೋಟದಲ್ಲಿ ಎದ್ದು ನಿಲ್ಲುತ್ತದೆ.

ಎರಡನೆಯ ಅಳತೆ ದಪ್ಪದ್ದು. ಸ್ತನದ ಮೇಲ್ಭಾಗದ ಚರ್ಮವನ್ನೂ ಕೊಬ್ಬನ್ನೂ ಎರಡು ಬೆರಳುಗಳ ನಡುವೆ ಹಿಡಿದು ಕ್ಯಾಲಿಪರ್‌ನಿಂದ ಅಳೆಯುತ್ತೇವೆ. ಅದು 2 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಇಂಪ್ಲಾಂಟ್‌ನ ಮೇಲಂಚು ಚರ್ಮದ ಮೇಲೆ ಗೆರೆಯಂತೆ ಮೂಡುವ ಸಂಭವ ಹೆಚ್ಚು. 44 ಕಿಲೊ ತೂಕದವರಲ್ಲಿ ಬಹುತೇಕ ಕಡಿಮೆಯೇ ಬರುತ್ತದೆ. ಆಗ ಎದೆಯ ಸ್ನಾಯುವಿನ ಹೊದಿಕೆ ಬೇಕಾಗುತ್ತದೆ. ಈಗ ಹೆಚ್ಚಾಗಿ ಮಾಡುವುದು ಡ್ಯುಯಲ್ ಪ್ಲೇನ್ ವಿಧಾನ. ಇಂಪ್ಲಾಂಟ್‌ನ ಮೇಲಿನ ಭಾಗ ಸ್ನಾಯುವಿನ ಅಡಿಯಲ್ಲಿಯೂ ಕೆಳಗಿನ ಭಾಗ ಗ್ರಂಥಿಯ ಅಡಿಯಲ್ಲಿಯೂ ಇರುತ್ತದೆ, ಆದ್ದರಿಂದ ಮೇಲೆ ಇಳಿಜಾರಾಗಿ, ಕೆಳಗೆ ತುಂಬಿಕೊಂಡು ಕಾಣುತ್ತದೆ. ಸಹಜ ಸ್ತನದ ನೋಟ ಇರುವುದೇ ಹೀಗೆ. ಇದರ ತೊಂದರೆಯನ್ನೂ ಹೇಳಬೇಕು: ನೋವು ಹೆಚ್ಚು, ಮತ್ತು ಭಾರ ಎತ್ತುವಾಗ ಅಥವಾ ಕೈ ಜೋಡಿಸಿ ಒತ್ತಿದಾಗ ಸ್ನಾಯು ಬಿಗಿದು ಇಂಪ್ಲಾಂಟ್ ಅಲುಗಿದಂತೆ ಕಾಣಬಹುದು. ದಂಡ, ಪುಷ್ಅಪ್ ಮೊದಲಾದ ವ್ಯಾಯಾಮ ನಿತ್ಯ ಮಾಡುವವರು ಇದನ್ನು ಮೊದಲೇ ಚರ್ಚಿಸಬೇಕು.

ಮೂರನೆಯದನ್ನು ಅನೇಕರು ಕೇಳುವುದೇ ಇಲ್ಲ: ಮೊಲೆತೊಟ್ಟಿನಿಂದ ಸ್ತನದ ಕೆಳಮಡಿಕೆಯವರೆಗಿನ ಅಂತರ ಎಷ್ಟು, ಅಲ್ಲಿಯ ಚರ್ಮ ಎಷ್ಟು ಹಿಗ್ಗುತ್ತದೆ ಎಂಬುದು. ಸಣ್ಣ ಎದೆಯಲ್ಲಿ ಈ ಅಂತರ ಗಿಡ್ಡ, ಚರ್ಮ ಬಿಗಿ. ಅಲ್ಲಿ ದೊಡ್ಡ ಇಂಪ್ಲಾಂಟ್ ಹಾಕಬೇಕೆಂದರೆ ಮಡಿಕೆಯನ್ನೇ ಕೆಳಗಿಳಿಸಬೇಕಾಗುತ್ತದೆ, ಹಳೆಯ ಮಡಿಕೆಯ ಗುರುತು ಉಳಿದು ಸ್ತನದ ಕೆಳಗೆ ಇನ್ನೊಂದು ಉಬ್ಬು ಕಾಣಿಸಿಕೊಳ್ಳಬಹುದು. ವರ್ಷಗಳು ಕಳೆದಂತೆ ಭಾರ ಚರ್ಮವನ್ನು ಮತ್ತಷ್ಟು ತೆಳುವಾಗಿಸುತ್ತದೆ. ಎಳೆಯ ವಯಸ್ಸಿನಲ್ಲಿ ಹಾಕಿಸಿಕೊಂಡ ಅತಿದೊಡ್ಡ ಇಂಪ್ಲಾಂಟ್ ತೆಗೆಸಲು ಬರುವವರಲ್ಲಿ ಈ ತೆಳುವಾದ ಚರ್ಮವನ್ನು ಸರಿಪಡಿಸುವುದೇ ನಮಗೆ ಬಹಳ ಕಷ್ಟದ ಕೆಲಸ, ಆದ್ದರಿಂದಲೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಆಕಾರದ ಬಗ್ಗೆ. ಹನಿಯಾಕಾರದ ಇಂಪ್ಲಾಂಟ್ ಒಳಗೆ ತಿರುಗಿಬಿಟ್ಟರೆ ಸ್ತನದ ರೂಪವೇ ಕೆಡುತ್ತದೆ. ಅದು ತಿರುಗದಂತೆ ಹಿಡಿದುಕೊಳ್ಳಲೆಂದು ಅದರ ಮೇಲ್ಮೈಯನ್ನು ಒರಟಾಗಿ ಮಾಡಿರುತ್ತಾರೆ. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಗೂ ಬಿಐಎ-ಎಎಲ್‌ಸಿಎಲ್ ಎಂಬ ಅಪರೂಪದ ಲಿಂಫೋಮಾಕ್ಕೂ (ರೋಗನಿರೋಧಕ ಕೋಶಗಳ ಕ್ಯಾನ್ಸರ್) ಸಂಬಂಧ ಕಂಡುಬಂದದ್ದರಿಂದ 2019ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಕೋರಿಕೆಯ ಮೇರೆಗೆ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ನುಣುಪಾದ ಗುಂಡನೆಯ ಇಂಪ್ಲಾಂಟ್ ತಿರುಗಿದರೂ ರೂಪ ಬದಲಾಗದು. ಗಾತ್ರ ಮಿತವಾಗಿದ್ದು, ಡ್ಯುಯಲ್ ಪ್ಲೇನ್‌ನಲ್ಲಿ ಇಟ್ಟರೆ, ನಿಂತಾಗ ಮೇಲ್ಭಾಗವನ್ನು ಸ್ನಾಯು ಒತ್ತಿ ಹಿಡಿಯುವುದರಿಂದ ಅದೂ ಸಹಜವಾಗಿಯೇ ಕಾಣುತ್ತದೆ. ನನ್ನ ತಂಗಿ ಕೇಳಿದರೂ ನುಣುಪಾದದ್ದನ್ನೇ ಹೇಳುತ್ತೇನೆ. ಒಳಗೆ ಸಲೈನ್ (ಉಪ್ಪುನೀರು) ತುಂಬಿದ್ದು ತೆಳ್ಳಗಿನವರಲ್ಲಿ ಅಲೆಅಲೆಯಾಗಿ ಕೈಗೆ ಸಿಗುತ್ತದೆ, ಆದ್ದರಿಂದ ಸಿಲಿಕೋನ್ ಜೆಲ್ ಉತ್ತಮ.

ಸರ್ಜನ್ ವಿಷಯದಲ್ಲಿ ಒಂದೇ ಮಾತು: ಎಂಬಿಬಿಎಸ್, ಎಂಎಸ್ ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ತತ್ಸಮಾನ ಡಿಎನ್‌ಬಿ ಪದವಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕಾಸ್ಮೆಟಿಕ್ ಎಂಬ ಬೋರ್ಡ್ ಇದ್ದ ಮಾತ್ರಕ್ಕೆ ಆ ಪದವಿ ಇದೆಯೆಂದಲ್ಲ.

ಹಾವೇರಿ ಓದುಗಿ ಬರೆದದ್ದು:

ನಾನು ಇದೇ ವಿಚಾರದಲ್ಲಿ ಸಲಹೆ ಪಡೆದು, ಮಗುವಾಗುವವರೆಗೆ ಮುಂದೂಡಿದವಳು. ವೈದ್ಯರ ಮಾತು ಹೀಗಿತ್ತು: ಬಸುರಿಯಲ್ಲಿ ಸ್ತನ ಹಿಗ್ಗಿ, ಹಾಲು ಬಿಡಿಸಿದ ಮೇಲೆ ಕುಗ್ಗಿ ಜೋಲುವುದರಿಂದ, ಈಗ ಸರಿಯಾಗಿ ಅಳೆದು ಹಾಕಿದ್ದು ಆಗ ಹೊಂದದೆ ಹೋಗಬಹುದು, ಮತ್ತೊಂದು ಆಪರೇಷನ್ ಬೇಕಾಗಬಹುದು. ಖರ್ಚಿನ ದೃಷ್ಟಿಯಿಂದಲೂ ಇದು ಗಂಭೀರ ಮಾತು. ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ, ಬೇರೆ ಚಿಕಿತ್ಸೆಗಿರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ. ಆಸ್ಪತ್ರೆ ಹೇಳುವ ಮೊತ್ತದಲ್ಲಿ ಇಂಪ್ಲಾಂಟ್, ಅರಿವಳಿಕೆ, ತೆರಿಗೆ, ಮುಂದಿನ ಭೇಟಿಗಳು ಎಲ್ಲವೂ ಸೇರಿವೆಯೇ ಎಂದು ಬರಹದಲ್ಲಿ ಪಡೆಯಿರಿ. ಬೆಂಗಳೂರಿನಲ್ಲಿ ಮಾಡಿಸಿದರೆ ಏನಾದರೂ ತೊಂದರೆಯಾದಾಗ ರಾತ್ರೋರಾತ್ರಿ ಅಲ್ಲಿಗೆ ಹೋಗುವುದು ಹೇಗೆಂಬುದನ್ನೂ ಯೋಚಿಸಿ.

ಸಾಧನಕೇರಿ ಓದುಗಿ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಳತೆಯ ವಿಷಯ ಈಗ ಸ್ಪಷ್ಟವಾಯಿತು. ಫೋಟೊ ನೋಡಿ ಹೇಳಿದ ಸಂಖ್ಯೆಯನ್ನು ಬಿಟ್ಟುಬಿಡುತ್ತೇನೆ. ವೈದ್ಯೆಯವರಲ್ಲಿ ಎರಡು ಪ್ರಶ್ನೆ: ಮಗುವಿಗೆ ಮೊದಲೇ ಮಾಡಿಸಿದರೆ ಹಾಲುಣಿಸಲು ಅಡ್ಡಿಯಾಗುತ್ತದೆಯೇ? ಒಮ್ಮೆ ಹಾಕಿಸಿದ್ದು ಜೀವನಪೂರ್ತಿ ಇರುತ್ತದೆಯೇ?

ಪ್ಲಾಸ್ಟಿಕ್ ಸರ್ಜರಿ ವಿಭಾಗದ ವೈದ್ಯೆ (ಹುಬ್ಬಳ್ಳಿ):

ಇಂಪ್ಲಾಂಟ್ ಇದ್ದವರಲ್ಲಿ ಬಹಳ ಮಂದಿ ಹಾಲುಣಿಸುತ್ತಾರೆ. ಕೊಯ್ತವನ್ನು ಮೊಲೆತೊಟ್ಟಿನ ಸುತ್ತ ಮಾಡದೆ ಸ್ತನದ ಕೆಳಮಡಿಕೆಯಲ್ಲಿ ಮಾಡಿದರೆ ಹಾಲಿನ ನಾಳಗಳಿಗೂ ನರಗಳಿಗೂ ಪೆಟ್ಟಾಗುವ ಸಂಭವ ಕಡಿಮೆ, ಗುರುತೂ ಮಡಿಕೆಯಲ್ಲಿ ಅಡಗುತ್ತದೆ. ಆದರೆ ಗ್ರಂಥಿಯೇ ಕಡಿಮೆ ಬೆಳೆದವರಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೂ ಹಾಲು ಕಡಿಮೆ ಬರಬಹುದು, ಆಗ ಇಂಪ್ಲಾಂಟ್‌ನಿಂದಲೇ ಹೀಗಾಯಿತೆಂದು ಮನಸ್ಸಿಗೆ ನೋವಾಗುತ್ತದೆ. ಮಗುವಿನ ಯೋಚನೆ ಒಂದೆರಡು ವರ್ಷಗಳ ಒಳಗೇ ಇದ್ದರೆ ಕಾಯುವುದು ಒಳ್ಳೆಯದು, ಹಾಲು ಬಿಡಿಸಿ ಆರು ತಿಂಗಳಾದರೂ ಕಳೆಯಲಿ. ಇನ್ನೂ ದೂರವಿದ್ದರೆ ಈಗ ಮಾಡಿಸುವುದರಲ್ಲಿ ತಪ್ಪಿಲ್ಲ, ಮುಂದೆ ರೂಪ ಬದಲಾಗಬಹುದೆಂದು ತಿಳಿದಿರಬೇಕು ಅಷ್ಟೇ.

ಜೀವನಪೂರ್ತಿ ಇರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. 2021ರಲ್ಲಿ ಎಫ್‌ಡಿಎ ಇಂಪ್ಲಾಂಟ್‌ಗಳಿಗೆ ಕಡ್ಡಾಯಗೊಳಿಸಿದ ಎಚ್ಚರಿಕೆಯ ಬರಹದಲ್ಲಿಯೇ ಇವು ಜೀವಮಾನದ ಸಾಧನಗಳಲ್ಲವೆಂದು ಇದೆ. ಇಂಪ್ಲಾಂಟ್ ಸುತ್ತ ದೇಹ ಕಟ್ಟಿಕೊಳ್ಳುವ ಪೊರೆ ಕೆಲವರಲ್ಲಿ ಬಿಗಿದು ಗಟ್ಟಿಯಾಗುತ್ತದೆ, ನೋಯುತ್ತದೆ. ಕ್ಯಾಪ್ಸುಲರ್ ಕಾಂಟ್ರ್ಯಾಕ್ಚರ್ ಎನ್ನುವುದು ಇದನ್ನೇ. ಮರುಶಸ್ತ್ರಚಿಕಿತ್ಸೆಯ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಸಿಲಿಕೋನ್ ಇಂಪ್ಲಾಂಟ್ ಸದ್ದಿಲ್ಲದೆ ಒಡೆಯಬಹುದು, ಹೊರಗೆ ಯಾವ ಲಕ್ಷಣವೂ ಕಾಣದಿರಬಹುದು. ಅದಕ್ಕಾಗಿ ಐದಾರು ವರ್ಷಗಳಿಗೆ ಮೊದಲ ಬಾರಿ, ಅನಂತರ ಎರಡು ಮೂರು ವರ್ಷಗಳಿಗೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂಬ ಸಲಹೆಯಿದೆ. ಮೊದಲ ಒಂದೆರಡು ದಿನಗಳಲ್ಲಿ ಒಂದೇ ಕಡೆ ಬೇಗಬೇಗ ಊದಿಕೊಂಡು ಬಿಗಿದರೆ ಒಳಗೆ ರಕ್ತ ಕಟ್ಟಿರಬಹುದು. ವರ್ಷಗಳ ಮೇಲೆ ಒಂದು ಸ್ತನ ಇದ್ದಕ್ಕಿದ್ದಂತೆ ಊದಿದರೆ ಲಿಂಫೋಮಾ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎರಡರಲ್ಲಿಯೂ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ ನೇರ ಆಸ್ಪತ್ರೆಗೆ ಬನ್ನಿ.

ಶಸ್ತ್ರಚಿಕಿತ್ಸೆಯ ದಿನ ಇಂಪ್ಲಾಂಟ್‌ನ ಕಂಪನಿ, ಮಾದರಿ, ಗಾತ್ರ ಮತ್ತು ಸೀರಿಯಲ್ ನಂಬರ್ ಇರುವ ಕಾರ್ಡ್ ಕೇಳಿ ಪಡೆಯಿರಿ, ಅದರ ಫೋಟೊ ತೆಗೆದು ಮೊಬೈಲಿನಲ್ಲಿಯೂ ಇಟ್ಟುಕೊಳ್ಳಿ. ಮುಂದೆ ಮ್ಯಾಮೊಗ್ರಾಂ ಮಾಡಿಸುವಾಗ ತಂತ್ರಜ್ಞರಿಗೆ ಮೊದಲೇ ತಿಳಿಸಿದರೆ ಇಂಪ್ಲಾಂಟನ್ನು ಹಿಂದಕ್ಕೆ ಸರಿಸಿ ಹೆಚ್ಚುವರಿ ಚಿತ್ರ ತೆಗೆಯುತ್ತಾರೆ. ನಿಮ್ಮ ವಂಶದಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇದ್ದರೆ ಅದನ್ನು ಮೊದಲ ಭೇಟಿಯಲ್ಲಿಯೇ ಸರ್ಜನ್‌ಗೆ ಹೇಳಿ.