ಅಪ್‌ಡೇಟ್: ಸುಣ್ಣದ ತಿಳಿಯಲ್ಲಿ ಅಯೋಡಿನ್ ಬಣ್ಣ ಕಳೆದುಕೊಂಡ ಬಗ್ಗೆ

ತೀರ್ಥಹಳ್ಳಿಯ ನಮ್ಮ ಶಾಲೆಯಲ್ಲಿ ಅನ್ನದ ಗಂಜಿತಿಳಿಗೆ ಜೊಲ್ಲುರಸವನ್ನೂ ಎಲೆಯಡಿಕೆ ಸುಣ್ಣದ ತಿಳಿಯನ್ನೂ ಬೆರೆಸಿದ್ದ ಪ್ರನಾಳದಲ್ಲಿ ಅಯೋಡಿನ್ ಹಾಕಿದರೂ ಪಿಷ್ಟವಿದ್ದರೆ ಮೂಡಬೇಕಾದ ನೀಲಿ ಬಣ್ಣ ಮೂಡದಿದ್ದುದರಿಂದ, ಜೊಲ್ಲುರಸದಲ್ಲಿರುವ ಅಮೈಲೇಸ್ ಕಿಣ್ವವು ಸುಣ್ಣದಂಥ ಪ್ರತ್ಯಾಮ್ಲದಲ್ಲೂ ಪಿಷ್ಟವನ್ನು ಒಡೆಯುತ್ತದೆಯೇ ಎಂದು ಕೇಳಿದ್ದೆ. ನೀವು ಸೂಚಿಸಿದಂತೆ ಜೊಲ್ಲುರಸವಿಲ್ಲದ ಪ್ರನಾಳವೊಂದನ್ನೂ ಇಟ್ಟು ನೋಡಿದೆವು. ಅದರಲ್ಲಿಯೂ ಬಣ್ಣ ಬರಲಿಲ್ಲ, ಅಂದರೆ ಅಯೋಡಿನ್ನಿನ ಬಣ್ಣವನ್ನು ನುಂಗಿದ್ದು ಸುಣ್ಣವೇ ಹೊರತು ಕಿಣ್ವವಲ್ಲ.

ಆದ್ದರಿಂದ ಈ ಸಲ 15 ನಿಮಿಷ ಕಾದು, ನೀಲಿ ಲಿಟ್ಮಸ್ ಕೆಂಪಾಗುವವರೆಗೆ ಸುಣ್ಣದ ಪ್ರನಾಳಕ್ಕೆ ವಿನಿಗರ್ ಹನಿಸಿ, ಆಮೇಲಷ್ಟೇ ಅಯೋಡಿನ್ ಹಾಕಿದಾಗ ದ್ರಾವಣ ಕಡುನೀಲಿಯಾಯಿತು. ಮೊದಲಿನಿಂದಲೇ ವಿನಿಗರ್ ಬೆರೆಸಿಟ್ಟಿದ್ದ ಪ್ರನಾಳವೂ ಹಾಗೆಯೇ ಆಯಿತು. ಗಂಜಿತಿಳಿ, ಜೊಲ್ಲುರಸಗಳಿಗೆ ಬರೀ ನೀರು ಬೆರೆಸಿದ್ದು ಮಾತ್ರ ಜೇನುಬಣ್ಣದಲ್ಲೇ ಉಳಿಯಿತು, ಅಂದರೆ ಕಿಣ್ವವು ಪಿಷ್ಟವನ್ನು ಒಡೆದದ್ದು ಅದರಲ್ಲಿ ಮಾತ್ರ. ಈ ಕಿಣ್ವಕ್ಕೆ ಒಗ್ಗುವ ಪಿಎಚ್ (ಆಮ್ಲ-ಪ್ರತ್ಯಾಮ್ಲದ ಅಳತೆ) ಸುಮಾರು 6.8, ಅಂದರೆ ಹೆಚ್ಚುಕಡಿಮೆ ತಟಸ್ಥ ತಾನೇ. ಅಂದಹಾಗೆ, ಆಮ್ಲಕ್ಕೆಂದು ನಿಂಬೆರಸ ಬಳಸಬೇಡಿ: ಅದರಲ್ಲಿರುವ ಸಿ ಜೀವಸತ್ವವೂ ಅಯೋಡಿನ್ನಿನ ಬಣ್ಣವನ್ನು ಕಳೆಯುತ್ತದೆ.